ತರಬೇತಿ ಮುಗಿಸಿ ಶಾಲೆಗೆ ಮರಳಿದ ಮೇಲೆ ಮುಖ್ಯ ಶಿಕ್ಷಕರ ಜೊತೆಗೆ ಯಾರಿದ್ದಾರೆ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಪ್ರಭಾರಿ ಮುಖ್ಯ ಶಿಕ್ಷಕಿ. ಹಿಂದಿನವರು ನಿವೃತ್ತರಾದಾಗ ನನಗಿಂತ ಹಿರಿಯ ಶಿಕ್ಷಕರು ಆರೋಗ್ಯದ ಕಾರಣ ಹೇಳಿ ಚಾರ್ಜ್ ಬೇಡ ಅಂದರು, ನನ್ನ ತಲೆಗೆ ಬಂತು. ನಾಯಕತ್ವ ತರಬೇತಿಗೂ ಹೋಗಿ ಬಂದೆ. ಅಲ್ಲಿ ಕೇಳುವಾಗ ಎಲ್ಲವೂ ಸರಿ ಅನ್ನಿಸಿತು. ಶಾಲೆಗೆ ಬಂದ ಮೇಲೆ ಎಸ್‌ಎಟಿಎಸ್ (ಮಕ್ಕಳ ಮಾಹಿತಿ ತುಂಬುವ ತಂತ್ರಾಂಶ), ಬಿಸಿಯೂಟದ ಲೆಕ್ಕ, ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ತುರ್ತು ಮಾಹಿತಿ’ ಇವುಗಳಲ್ಲೇ ದಿನ ಮುಗಿಯುತ್ತಿದೆ. ಈಗ ನಮ್ಮಂಥವರಿಗೆ ಮೆಂಟರ್ ಕೊಡುತ್ತಾರಂತೆ. ಇದರಿಂದ ನಿಜವಾಗಿ ಪ್ರಯೋಜನ ಇದೆಯೇ? ಮೆಂಟರಿಂಗ್, ಕೋಚಿಂಗ್ ಎರಡೂ ಒಂದೇನಾ? ನನ್ನ ಕಷ್ಟ ಹೇಳಿಕೊಂಡರೆ ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮುಟ್ಟುವುದಿಲ್ಲ ಎಂದು ಹೇಗೆ ನಂಬಲಿ?

ಉತ್ತರ: ಮೇಡಂ, ನೀವು ಕೊನೆಗೆ ಕೇಳಿದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದ ಎರಡಕ್ಕೂ ಉತ್ತರ ಅದರ ಮೇಲೇ ನಿಂತಿದೆ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮುಖ್ಯ ಶಿಕ್ಷಕರ ಜೊತೆ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ಒಂದು ವಿಷಯದಲ್ಲಿ ನನಗೆ ಅನುಮಾನ ಉಳಿದಿಲ್ಲ. ತಪಾಸಣೆ ಮಾಡುವವರೂ ಮೆಂಟರ್ ಆಗಿ ಬರುವವರೂ ಒಬ್ಬರೇ ಆದರೆ ಮೆಂಟರಿಂಗ್ ನಡೆಯುವುದಿಲ್ಲ. ಗೇಟಿನ ಹತ್ತಿರ ಜೀಪಿನ ಸದ್ದು ಕೇಳಿದ ಕೂಡಲೇ ನಮ್ಮ ಶಾಲೆಗಳಲ್ಲಿ ಏನಾಗುತ್ತದೆಂದು ನಿಮಗೇ ಗೊತ್ತು. ಹಾಜರಿ ಪುಸ್ತಕ, ಪಾಠ ಟಿಪ್ಪಣಿ, ಬಿಸಿಯೂಟದ ದಾಸ್ತಾನು ವಹಿ ಎಲ್ಲ ಮೇಜಿನ ಮೇಲೆ ಬರುತ್ತವೆ. ಚುರುಕಾದ ಮಕ್ಕಳು ಮುಂದಿನ ಸಾಲಿಗೆ ಬರುತ್ತಾರೆ. ಕೇಳಿದ್ದಕ್ಕೆಲ್ಲ ‘ಚೆನ್ನಾಗಿ ನಡೀತಿದೆ ಸರ್’ ಎಂಬ ಉತ್ತರ ತಯಾರಿರುತ್ತದೆ. ಅದರಲ್ಲಿ ಯಾರನ್ನೂ ದೂರುವಂತಿಲ್ಲ. ಅಧಿಕಾರಿಗೆ ತಪಾಸಣೆ ಅವರ ಕೆಲಸ, ಅದು ಬೇಕು ಕೂಡ. ಆದರೆ ‘ಆರನೇ ಕ್ಲಾಸಿನ ಅರ್ಧ ಮಕ್ಕಳಿಗೆ ಓದೋಕೆ ಬರಲ್ಲ, ಎಲ್ಲಿಂದ ಶುರು ಮಾಡ್ಬೇಕು ಅಂತ ನಂಗೆ ಗೊತ್ತಾಗ್ತಿಲ್ಲ’ ಎಂದು ಬಾಯಿಬಿಟ್ಟು ಹೇಳಲು ಆಗದ ಕಡೆ ಎಂಥ ಮೆಂಟರ್ ಬಂದರೂ ಏನೂ ಮಾಡಲಾರರು.

ಹಾಗಾಗಿ ಮೆಂಟರ್ ಮೊದಲ ದಿನ ಬಂದಾಗ ಸಂಕೋಚ ಬಿಟ್ಟು ಕೇಳಿಬಿಡಿ. ‘ಸರ್, ನಮ್ಮ ಮಾತುಕತೆಯಲ್ಲಿ ನೀವು ಬರೆದುಕೊಳ್ಳೋದು ಏನು? ಅದನ್ನ ಓದೋರು ಯಾರು? ಮೇಲಿನವರಿಗೆ ಏನಾದರೂ ಹೇಳಲೇಬೇಕಾದರೆ ಮೊದಲು ನನಗೆ ಹೇಳ್ತೀರಾ?’ ಒಳ್ಳೆಯ ಮೆಂಟರ್ ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ. ಎಷ್ಟೋ ಜನ ತಾವಾಗಿಯೇ ಈ ಮಾತಿನಿಂದ ಶುರು ಮಾಡುತ್ತಾರೆ. ಮಕ್ಕಳ ಸುರಕ್ಷತೆ ಮತ್ತು ಹಣದ ದುರುಪಯೋಗ, ಈ ಎರಡನ್ನು ಯಾರೂ ಗುಟ್ಟಾಗಿಡುವಂತಿಲ್ಲ. ಅದನ್ನು ಅವರು ಮೊದಲೇ ಹೇಳಿಬಿಡಬೇಕು. ಉಳಿದದ್ದೆಲ್ಲ ನಿಮ್ಮಿಬ್ಬರ ನಡುವೆ ಇರಬೇಕು. ಭೇಟಿ ನಡೆದ ದಿನಾಂಕ ಮತ್ತು ಯಾವ ವಿಷಯದ ಮೇಲೆ ಕೆಲಸ ನಡೆಯಿತು ಎಂಬ ಒಂದು ಸಾಲು ಕಚೇರಿಗೆ ಹೋದರೆ ಸಾಕು. ಅಂಕ ಕೊಡುವ ನಮೂನೆ ಹಿಡಿದು ಬಂದರೆ ಅವರು ಮೆಂಟರ್ ಅಲ್ಲ ಎಂದು ತಿಳಿದುಕೊಳ್ಳಿ, ಗೌರವದಿಂದ ಮಾತಾಡಿಸಿ, ನಿಮ್ಮ ಒಳಗಿನ ಕಷ್ಟಕ್ಕೆ ಬೇರೊಬ್ಬರನ್ನು ಹುಡುಕಿಕೊಳ್ಳಿ. ಕ್ಲಸ್ಟರ್ ಎಂದರೆ ಹತ್ತಿರದ ಶಾಲೆಗಳ ಗುಂಪು, ಅದನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳಾದ ನಮ್ಮ ಸಿಆರ್‌ಪಿಗಳ ಸ್ಥಿತಿ ಇಲ್ಲಿ ನಿಜಕ್ಕೂ ಕಷ್ಟದ್ದು. ಹುದ್ದೆ ಹುಟ್ಟಿದ್ದು ಶೈಕ್ಷಣಿಕ ಬೆಂಬಲಕ್ಕೆ, ದಿನ ಹೋಗುವುದು ಮಾಹಿತಿ ಸಂಗ್ರಹಕ್ಕೆ. ಮನಸ್ಸಿದ್ದರೂ ಅವರಿಗೆ ನಿಮ್ಮ ಜೊತೆ ಒಂದು ಗಂಟೆ ಕೂರಲು ಆಗುವುದಿಲ್ಲ.

ಇನ್ನು ಪ್ರಯೋಜನದ ಮಾತು. ತರಬೇತಿಯಲ್ಲಿ ಸರಿ ಅನ್ನಿಸಿದ್ದು ಶಾಲೆಗೆ ಬಂದ ಮೇಲೆ ಕೈಗೆ ಹತ್ತದಿರುವುದು ನಿಮ್ಮೊಬ್ಬರ ಅನುಭವವಲ್ಲ. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಅಮೆರಿಕದ ಸಂಶೋಧಕರು 1980ರ ದಶಕದ ಆರಂಭದಲ್ಲೇ ಇದನ್ನು ಗುರುತಿಸಿದ್ದರು. ಕೇಳಿದ್ದು, ನೋಡಿದ್ದು, ತರಬೇತಿ ಕೊಠಡಿಯಲ್ಲಿ ಮಾಡಿ ನೋಡಿದ್ದು ಇಷ್ಟರಿಂದಲೇ ತರಗತಿಯ ರೂಢಿ ಬದಲಾಗುವುದು ಅಪರೂಪ. ಸ್ವಂತ ಶಾಲೆಯಲ್ಲಿ, ಮಾಡುವ ಹೊತ್ತಿಗೆ ಪಕ್ಕದಲ್ಲಿ ಒಬ್ಬರು ಇದ್ದಾಗ ಬದಲಾಗುತ್ತದೆ ಎಂದರು. 2018ರಲ್ಲಿ ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 60 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವು ಶಿಕ್ಷಕರ ಕೋಚಿಂಗ್ ಕುರಿತವು, ಹೆಚ್ಚಿನವು ಅಮೆರಿಕದವು. ಬೋಧನೆಯ ಗುಣಮಟ್ಟ 0.49 ಮಾನಕ ವಿಚಲನೆಯಷ್ಟು, ಮಕ್ಕಳ ಕಲಿಕೆ 0.18ರಷ್ಟು ಮೇಲೆದ್ದಿತ್ತು. ನೂರು ಶಿಕ್ಷಕರನ್ನು ಬೋಧನೆಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಇದ್ದವರು ಸುಮಾರು 19 ಜನರನ್ನು ದಾಟಿ ಮುಂದೆ ಹೋದಂತೆ. ಶಿಕ್ಷಣದಲ್ಲಿ ಇದು ದೊಡ್ಡ ಅಂಕಿ. ಆದರೆ ಅದೇ ವರದಿಯ ಇನ್ನೊಂದು ಮಾತನ್ನು ಯೋಜನೆ ಮಾಡುವವರು ಓದಬೇಕು. ಕಾರ್ಯಕ್ರಮ ದೊಡ್ಡದಾಗಿ ಹೆಚ್ಚು ಹೆಚ್ಚು ಶಿಕ್ಷಕರನ್ನು ಸೇರಿಸಿಕೊಂಡ ಹಾಗೆ ಪರಿಣಾಮ ಎದ್ದು ಕಾಣುವಷ್ಟು ಇಳಿದಿತ್ತು. ಒಬ್ಬ ಮೆಂಟರ್ ಕೈಗೆ ಇಡೀ ಹೋಬಳಿಯ ಶಾಲೆಗಳನ್ನು ಕೊಟ್ಟರೆ ಆಗುವುದೂ ಅದೇ.

ನಮ್ಮ ದೇಶದ ಒಂದು ಸಾಕ್ಷ್ಯ ಇನ್ನೂ ಹತ್ತಿರದ್ದು. ಮಧ್ಯಪ್ರದೇಶದಲ್ಲಿ ಶಾಲೆಗಳ ಮೌಲ್ಯಮಾಪನ ಮಾಡಿ, ಪ್ರತಿ ಶಾಲೆಗೂ ಸುಧಾರಣಾ ಯೋಜನೆ ಬರೆಸುವ ದೊಡ್ಡ ಕಾರ್ಯಕ್ರಮ ನಡೆಯಿತು. ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದರ ಪರಿಣಾಮವನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಮೌಲ್ಯಮಾಪನ ನಡೆದಿತ್ತು, ಯೋಜನೆ ಬರೆದಿದ್ದರು, ಕಾಗದದ ಮೇಲೆ ಎಲ್ಲ ಆಗಿತ್ತು. ಶಿಕ್ಷಕರು ಪಾಠ ಮಾಡುವ ರೀತಿಯಲ್ಲಾಗಲಿ ಮಕ್ಕಳ ಕಲಿಕೆಯಲ್ಲಾಗಲಿ ಗುರುತಿಸುವಂಥ ಬದಲಾವಣೆ ಇರಲಿಲ್ಲ. ಹಾಗಿದ್ದೂ ಅದೇ ಮಾದರಿ ಮುಂದೆ ದೇಶದ ಸುಮಾರು 6 ಲಕ್ಷ ಶಾಲೆಗಳಿಗೆ ಹರಡಿತು. ಶಾಲೆಯೇ ತನ್ನ ಮೌಲ್ಯಮಾಪನ ಮಾಡಿಕೊಳ್ಳುವ ‘ಶಾಲಾ ಸಿದ್ಧಿ’ ನಮೂನೆಗಳನ್ನು ತುಂಬಿದ ಯಾವ ಮುಖ್ಯ ಶಿಕ್ಷಕರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲಿ ಹಿಂದೆ ಬಿದ್ದಿದ್ದೀರಿ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಸರಿ, ಸೋಮವಾರ ಬೆಳಿಗ್ಗೆ ನಾವಿಬ್ಬರೂ ಏನು ಮಾಡೋಣ ಎಂದು ಪಕ್ಕದಲ್ಲಿ ಕೂರುವವರು ಇಲ್ಲ. ಮೆಂಟರಿಂಗ್‌ಗೆ ಬೆಲೆ ಬರುವುದು ಅಲ್ಲಿ.

ಮೆಂಟರಿಂಗ್, ಕೋಚಿಂಗ್ ಒಂದೇನಾ ಎಂದು ಕೇಳಿದ್ದೀರಿ. ಮೆಂಟರ್ ಎಂದರೆ ನೀವೀಗ ಇರುವ ಜಾಗದಲ್ಲಿ ಇದ್ದು ಬಂದವರು. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯ ನಡವಳಿ ಹೇಗೆ ಬರೆಯಬೇಕು, ಸೋರುವ ಕೊಠಡಿಗೆ ಯಾರಿಗೆ ಅರ್ಜಿ ಕೊಡಬೇಕು, ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಬಂದ ಅಸ್ಸಾಮಿನ ಮಗು ದಾಖಲೆ ಇಲ್ಲದೆ ಬಾಗಿಲಲ್ಲಿ ನಿಂತರೆ ಮೊದಲು ಏನು ಮಾಡಬೇಕು, ಇದನ್ನೆಲ್ಲ ನೇರವಾಗಿ ಹೇಳಿಕೊಡುತ್ತಾರೆ. ಕೋಚ್ ಉತ್ತರ ಹೇಳುವುದು ಕಡಿಮೆ. ನಿಮ್ಮ ಕೆಲಸವನ್ನು ನಿಮಗೇ ಕಾಣುವಂತೆ ಮಾಡುತ್ತಾರೆ, ಒಂದು ಅಭ್ಯಾಸವನ್ನು ಹಿಡಿದು ಮತ್ತೆ ಮತ್ತೆ ಮಾಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಚಾರ್ಜ್ ತೆಗೆದುಕೊಂಡ ಮೊದಲ ವರ್ಷ ಮೆಂಟರ್ ಹೆಚ್ಚು ಬೇಕು, ಆಮೇಲೆ ಕೋಚ್. ಮೆಂಟರ್ ನಿಮ್ಮ ಸೀಮೆಯವರೇ ಆಗಿರುವುದು ಒಳ್ಳೆಯದು. ಕಡೂರಿನ ಬಯಲಲ್ಲೇ ಕೆಲಸ ಮಾಡಿದವರಿಗೆ ಜುಲೈ ತಿಂಗಳ ಮೂಡಿಗೆರೆ ಮಳೆಯಲ್ಲಿ ಹಳ್ಳ ದಾಟಿ ಹೋಗುವ ಮಕ್ಕಳನ್ನು ಎಷ್ಟು ಹೊತ್ತಿಗೆ ಬಿಡಬೇಕೆಂಬ ಲೆಕ್ಕ ತಿಳಿಯುವುದಿಲ್ಲ. ಆಲೂರು, ಸಕಲೇಶಪುರದ ಕಡೆ ಬೆಳಿಗ್ಗೆ ಆನೆ ಎಲ್ಲಿದೆ ಎಂದು ಕೇಳಿಕೊಂಡು ಮಕ್ಕಳನ್ನು ಕಳಿಸುವ ಊರುಗಳಿವೆ. ಅಂಥ ಶಾಲೆಯ ಹಾಜರಾತಿಯನ್ನು ಚನ್ನರಾಯಪಟ್ಟಣದ ಅಳತೆಯಲ್ಲಿ ನೋಡಿದರೆ ಮುಖ್ಯ ಶಿಕ್ಷಕರಿಗೆ ಅನ್ಯಾಯ. ಕೋಚ್‌ಗೆ ಈ ಕಟ್ಟಳೆ ಇಲ್ಲ. ಕಣ್ಣಿಟ್ಟು ನೋಡುವುದು, ತಾಳ್ಮೆಯಿಂದ ಕೇಳುವುದು ಗೊತ್ತಿದ್ದರೆ ಎಲ್ಲಿಂದ ಬಂದರೂ ಆದೀತು.

ಕೋಚಿಂಗ್ ಹೇಗಿರುತ್ತದೆ ಎನ್ನುವುದಕ್ಕೆ ಸಕಲೇಶಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿಯ ಮುಖ್ಯ ಶಿಕ್ಷಕಿ ‘ತರಗತಿ ವೀಕ್ಷಣೆ ಮಾಡ್ತೀನಿ, ಆದರೆ ಆಮೇಲೆ ಏನು ಹೇಳ್ಬೇಕು ಅಂತ ತಿಳಿಯಲ್ಲ’ ಅಂದರು. ಇಬ್ಬರೂ ಐದನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತೆವು. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ನಡೆಯುತ್ತಿತ್ತು. ಶಿಕ್ಷಕರು ಬೋರ್ಡಿನ ಮೇಲೆ ಅಚ್ಚುಕಟ್ಟಾಗಿ ಬಿಡಿಸಿದರು, ‘ಅರ್ಥ ಆಯ್ತಾ?’ ಅಂದರು, ‘ಆಯ್ತು ಸಾರ್’ ಎಂದು ಇಡೀ ಕ್ಲಾಸು ಕೂಗಿತು. ಹೊರಗೆ ಬಂದ ಮೇಲೆ ಕೇಳಿದೆ.

‘ಏನ್ ಕಂಡ್ರಿ ಮೇಡಂ?’

‘ಚೆನ್ನಾಗಿ ಮಾಡಿದ್ರು ಸರ್. ಕ್ಲಾಸ್ ಕಂಟ್ರೋಲ್ ಚೆನ್ನಾಗಿದೆ.’

‘ಯಾರ್ಯಾರು ಉತ್ತರ ಹೇಳಿದ್ರು?’

ಸ್ವಲ್ಪ ಹೊತ್ತು ಯೋಚಿಸಿದರು. ‘ಮುಂದೆ ಕೂತಿದ್ದ ಮೂರ್ನಾಲ್ಕು ಮಕ್ಕಳೇ ಅಲ್ವಾ?’

‘ಉಳಿದವರಿಗೆ ಬಂತೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?’

ಅವರೇ ಒಳಗೆ ಹೋಗಿ ಶಿಕ್ಷಕರ ಒಪ್ಪಿಗೆ ಕೇಳಿ, ಬೋರ್ಡ್ ಅಳಿಸಿ, 52ರಲ್ಲಿ 27 ಕಳೆಯುವ ಲೆಕ್ಕ ಕೊಟ್ಟು ಪ್ರತಿಯೊಬ್ಬರ ಪುಸ್ತಕ ನೋಡಿದರು. ಬಹಳಷ್ಟು ಮಕ್ಕಳು 35 ಎಂದು ಬರೆದಿದ್ದರು. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದರು. ಇಷ್ಟು ಹೊತ್ತು ಬೋರ್ಡಿನಿಂದ ನಕಲು ಮಾಡಿದ ಉತ್ತರ ಮಾತ್ರ ಪುಸ್ತಕದಲ್ಲಿತ್ತು. ಆ ಸಂಜೆ ಮುಖ್ಯ ಶಿಕ್ಷಕಿ ಆ ಶಿಕ್ಷಕರನ್ನು ಕೂರಿಸಿಕೊಂಡು ಪಾಠದ ಬಗ್ಗೆ ಒಂದು ಟೀಕೆಯನ್ನೂ ಮಾಡಲಿಲ್ಲ. ಐದಾರು ನೋಟ್‌ಬುಕ್ ಮೇಜಿನ ಮೇಲೆ ಹರಡಿ ‘ಸರ್, ಈ 35 ಎಲ್ಲಿಂದ ಬಂತು ನೋಡೋಣ ಬನ್ನಿ’ ಅಂದರು. ಶಿಕ್ಷಕರೇ ಕಾರಣ ಹೇಳಿದರು, ಮರುದಿನ ಕಡ್ಡಿಕಟ್ಟು ತಂದು ದಶಕ ಬಿಚ್ಚಿ ತೋರಿಸುತ್ತೇನೆ ಎಂದರು. ನಾನು ಅವರನ್ನು ಕೇಳಿದ ಹಾಗೇ ಅವರು ತಮ್ಮ ಶಿಕ್ಷಕರನ್ನು ಕೇಳಿದ್ದರು. ಮುಖ್ಯ ಶಿಕ್ಷಕರ ಕೋಚಿಂಗ್ ಮಕ್ಕಳವರೆಗೆ ತಲುಪುವುದು ಈ ದಾರಿಯಲ್ಲಿ.

ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ, ಮುಖ್ಯಸ್ಥರು ಮಾಡುವ ನಾನಾ ಕೆಲಸಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಯಾವುದರ ಪರಿಣಾಮ ಹೆಚ್ಚು ಎಂದು ನೋಡಿದಾಗ ಎಲ್ಲಕ್ಕಿಂತ ಮುಂದೆ ನಿಂತದ್ದು ಇದೇ: ಶಿಕ್ಷಕರ ಕಲಿಕೆಯಲ್ಲಿ ಮುಖ್ಯಸ್ಥರು ತಾವೂ ಜೊತೆಗೆ ಕುಳಿತು ಪಾಲ್ಗೊಳ್ಳುವುದು. ಆದ್ದರಿಂದ ಮೆಂಟರ್ ಬಂದಾಗ ‘ಯಾವ ವಿಷಯ ತಗೊಳ್ಳೋಣ’ ಎಂದರೆ ಕಡತದ ವಿಷಯ ಹೇಳಬೇಡಿ, ತರಗತಿಯ ವಿಷಯ ಹೇಳಿ. ಕಡತದ್ದನ್ನು ಫೋನಿನಲ್ಲೂ ಕೇಳಬಹುದು.

ನಿಮಗಿಂತ ಹಿರಿಯರಾದ ಶಿಕ್ಷಕರ ವಿಚಾರವನ್ನು ನೀವು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದೀರಿ. ಆದರೂ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಅದೇ ಇರಬಹುದು. ಪ್ರಭಾರಿ ಮುಖ್ಯ ಶಿಕ್ಷಕರು, ಅದರಲ್ಲೂ ಹೆಣ್ಣುಮಕ್ಕಳು, ನನ್ನ ಬಳಿ ಹೆಚ್ಚು ಹೇಳಿಕೊಂಡದ್ದು ಇದನ್ನು. ನಿನ್ನೆಯವರೆಗೆ ಸಹೋದ್ಯೋಗಿ, ಇವತ್ತು ಅವರಿಗೇ ತಿದ್ದಿ ಹೇಳಬೇಕಾದವರು. ಇಂಥ ಮಾತನ್ನು ಆಡುವ ಮುಂಚೆ ಮೆಂಟರ್ ಜೊತೆ ಆಡಿ ನೋಡಿ. ಇದಕ್ಕಿಂತ ಉಪಯೋಗದ ಅಭ್ಯಾಸವನ್ನು ನಾನು ಕಂಡಿಲ್ಲ. ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬರುವ ಶಿಕ್ಷಕರೊಬ್ಬರು ದಿನವೂ ಪ್ರಾರ್ಥನೆ ಮುಗಿದ ಮೇಲೇ ಬರುತ್ತಿದ್ದ ಶಾಲೆಯಲ್ಲಿ ಹೀಗೆ ಮಾಡಿದೆವು. ನಾನು ಆ ಶಿಕ್ಷಕನ ಪಾತ್ರ ಮಾಡಿದೆ. ಮುಖ್ಯ ಶಿಕ್ಷಕಿ ‘ಸರ್, ನೀವು ದಿನಾ ಲೇಟ್ ಬರ್ತೀರಿ’ ಎಂದು ಶುರು ಮಾಡಿದರು. ‘ಬಸ್ ಇಲ್ಲ ಮೇಡಂ, ನಾನೇನ್ ಮಾಡ್ಲಿ?’ ಅಂದೆ. ಮಾತು ಅಲ್ಲೇ ನಿಂತಿತು. ಎರಡನೇ ಸಲ ದನಿ ಏರಿತು, ನನ್ನದೂ ಏರಿತು. ಇನ್ನೊಂದೆರಡು ಸಲ ಆದ ಮೇಲೆ ಅವರು ತಾವಾಗಿ ಈ ಮಾತಿಗೆ ಬಂದರು: ‘ಸರ್, ಮೊದಲ ಪೀರಿಯಡ್‌ನಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ಸುಮ್ಮನೆ ಕೂತಿರ್ತಾರೆ, ನಂಗೆ ಅದು ಸಂಕಟ ಆಗುತ್ತೆ. ಬಸ್ ಟೈಮ್ ನಮ್ಮ ಕೈಲಿಲ್ಲ. ಮೊದಲ ಪೀರಿಯಡ್ ನಾನು ತಗೋತೀನಿ, ಕೊನೇದು ನೀವು ತಗೊಳ್ಳಿ. ಬಂದ ಟೈಮ್ ಮಾತ್ರ ಪುಸ್ತಕದಲ್ಲಿ ಇದ್ದ ಹಾಗೇ ಬರೀರಿ.’ ಇದರಲ್ಲಿ ಬೈಗುಳವಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಮಕ್ಕಳಿಂದ ಮಾತು ಶುರುವಾಗಿದೆ, ನಿಯಮ ನಿಯಮವಾಗಿಯೇ ಉಳಿದಿದೆ. ಇಂಥ ವಾಕ್ಯ ಯಾವ ತರಬೇತಿ ಕೈಪಿಡಿಯಲ್ಲೂ ಸಿಗುವುದಿಲ್ಲ. ಆ ಶಾಲೆ, ಆ ಬಸ್ಸು, ಆ ವ್ಯಕ್ತಿಯನ್ನು ಮುಂದಿಟ್ಟುಕೊಂಡೇ ಅದನ್ನು ಕಂಡುಕೊಳ್ಳಬೇಕು.

ಸಮಯವೇ ಇಲ್ಲವೆನ್ನುತ್ತೀರಿ. ನಿಜ. ಇದರಲ್ಲಿ ವ್ಯವಸ್ಥೆಯ ಪಾಲು ದೊಡ್ಡದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗಳಿಗೆ 150ಕ್ಕಿಂತ ಹೆಚ್ಚು, 6ರಿಂದ 8ಕ್ಕೆ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಮುಖ್ಯ ಶಿಕ್ಷಕರು ಪ್ರತ್ಯೇಕವಾಗಿ ಇರಲೇಬೇಕು. ಮಲೆನಾಡಿನಲ್ಲಿ ಅಷ್ಟು ಮಕ್ಕಳಿರುವ ಶಾಲೆಗಳೆಷ್ಟು? ಹಾಗಾಗಿ ಪಾಠದ ಪೂರ್ತಿ ಹೊರೆ ಹೊತ್ತವರ ಮೇಲೇ ಚಾರ್ಜ್ ಕೂರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿಪರ ಕಲಿಕೆ ಇರಬೇಕು ಎನ್ನುತ್ತದೆ. ಆ 50 ಗಂಟೆಗಳಲ್ಲಿ ಅರ್ಧವಾದರೂ ತಾಲ್ಲೂಕು ಕೇಂದ್ರದ ಕುರ್ಚಿಯ ಮೇಲೆ ಕಳೆಯದೆ ಅವರವರ ಶಾಲೆಯಲ್ಲೇ, ಮೆಂಟರ್ ಜೊತೆ ಕಳೆಯುವಂತಾಗಬೇಕು ಎಂದು ನಾನು ಡಯಟ್‌ನವರಿಗೂ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹೇಳುತ್ತಾ ಬಂದಿದ್ದೇನೆ.

ಅದು ಆಗುವವರೆಗೆ ನೀವು ಮಾಡಬಹುದಾದದ್ದು ಒಂದಿದೆ. ಒಂದು ವಾರ, ಅರ್ಧ ಗಂಟೆಗೊಮ್ಮೆ ಏನು ಮಾಡುತ್ತಿದ್ದೀರೆಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ಪಾಠ, ಹಾಲು ಹಂಚಿದ್ದು, ಮೊಟ್ಟೆ ಲೆಕ್ಕ, ಗುಂಪಿನಲ್ಲಿ ಬಂದ ಮಾಹಿತಿ ಕಳಿಸಿದ್ದು, ಪೋಷಕರು ಬಂದದ್ದು, ಎಲ್ಲ. ಮೆಂಟರ್ ಜೊತೆ ಕೂತು ಮೂರು ಬಣ್ಣದಲ್ಲಿ ಗುರುತು ಹಾಕಿ: ನಾನೇ ಮಾಡಬೇಕಾದ್ದು, ಬೇರೆಯವರು ಮಾಡಬಹುದಾದ್ದು, ದಿನಕ್ಕೊಮ್ಮೆ ಒಟ್ಟಿಗೆ ಮಾಡಿದರೂ ನಡೆಯುವಂಥದ್ದು. ಹೆಚ್ಚಿನವರಿಗೆ ವಾಟ್ಸ್‌ಆ್ಯಪ್ ಮೂರನೆಯದರಲ್ಲಿ ಬೀಳುತ್ತದೆ. ಮಧ್ಯಾಹ್ನದ ಊಟದ ನಂತರ ಒಂದು ಸಲ, ಶಾಲೆ ಬಿಟ್ಟ ಮೇಲೆ ಒಂದು ಸಲ ನೋಡಿದರೆ ಆಕಾಶ ಬೀಳುವುದಿಲ್ಲ. ನಿಜವಾಗಿ ತುರ್ತಿದ್ದರೆ ಫೋನ್ ಬರುತ್ತದೆ. ದಾಸ್ತಾನು ವಹಿ ಬರೆಯುವುದನ್ನು ಶಿಕ್ಷಕರು ತಿಂಗಳಿಗೊಬ್ಬರಂತೆ ಹಂಚಿಕೊಳ್ಳಬಹುದು, ಜವಾಬ್ದಾರಿಯ ಸಹಿ ನಿಮ್ಮದೇ ಇರಲಿ. ಹೀಗೆ ಮಿಕ್ಕ ಹೊತ್ತಿನಲ್ಲಿ ವಾರಕ್ಕೆ ಎರಡು ಪೀರಿಯಡ್ ಬೇರೆಯವರ ತರಗತಿಗೆ ಮೀಸಲಿಡಿ. ಅದಕ್ಕಿಂತ ಹೆಚ್ಚು ಮಾಡುತ್ತೇನೆಂದು ಮೊದಲ ತಿಂಗಳಲ್ಲೇ ಹೊರಡಬೇಡಿ.

ಮೆಂಟರ್ ತಿಂಗಳಿಗೊಮ್ಮೆ ಬಂದು ಅರ್ಧ ದಿನ ಇದ್ದರೆ ಒಳ್ಳೆಯದು. ಬರುವ ಮುಂಚೆ ಫೋನಿನಲ್ಲಿ ವಿಷಯ ಗೊತ್ತುಮಾಡಿಕೊಳ್ಳಿ. ಬಂದ ಮೇಲೆ ನಿಮ್ಮನ್ನು ಕೆಲಸದಲ್ಲಿ ನೋಡಲಿ: ತರಗತಿಯಲ್ಲೋ, ಶಿಕ್ಷಕರ ಸಭೆಯಲ್ಲೋ, ಎಸ್‌ಡಿಎಂಸಿ ಸಭೆಯಲ್ಲೋ. ಕಚೇರಿಯಲ್ಲಿ ಕಾಫಿ ಕುಡಿಯುತ್ತಾ ಕೇಳಿ ತಿಳಿದುಕೊಂಡದ್ದರಿಂದ ಕೋಚಿಂಗ್ ಆಗದು. ಹೋಗುವ ಮುಂಚೆ ಒಂದೇ ಒಂದು ಕೆಲಸ ಒಪ್ಪಿಕೊಳ್ಳಿ, ಎರಡು ವಾರದ ನಂತರ ಅದೇನಾಯಿತೆಂದು ಅವರು ಫೋನ್ ಮಾಡಲಿ. ಐದು ವಿಷಯ ಬರೆಸಿ ಹೋಗುವ ಮೆಂಟರ್‌ಗಿಂತ ಒಂದನ್ನು ಬಿಡದೆ ಕೇಳುವವರು ಮೇಲು. ತಮ್ಮ ಕಾಲದ ಸಾಹಸವನ್ನೇ ಹೇಳುತ್ತಾ ಕೂರುವವರು ಸಿಕ್ಕಿದರೆ ‘ಸರ್, ನಾಳೆ ಈ ಕ್ಲಾಸಿಗೆ ಬಂದು ನೋಡಿ ಹೇಳ್ತೀರಾ?’ ಎಂದು ಮಾತನ್ನು ಕೆಲಸಕ್ಕೆ ತಿರುಗಿಸಿ. ಹಿರಿಯರು ಹಲವರು ಅಷ್ಟಕ್ಕೇ ಬದಲಾಗಿದ್ದನ್ನು ಕಂಡಿದ್ದೇನೆ. ಅವರಿಗೂ ಮೆಂಟರಿಂಗ್ ಮಾಡುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೆಂಟರ್ ಬರುವುದು ತಡವಾದರೆ ಕಾಯುತ್ತಾ ಕೂರಬೇಡಿ. ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನಿಮಗೆ ಸರಿಹೊಂದುವ ಒಬ್ಬ ಮುಖ್ಯ ಶಿಕ್ಷಕರನ್ನು ನೋಡಿಕೊಂಡು, ತಿಂಗಳು ಬಿಟ್ಟು ತಿಂಗಳು ಅವರ ಶಾಲೆಗೆ ನೀವು, ನಿಮ್ಮ ಶಾಲೆಗೆ ಅವರು ಬರುವ ಏರ್ಪಾಡು ಮಾಡಿಕೊಳ್ಳಿ. ಬಿಇಒ ಅವರಿಂದ ಮೊದಲೇ ಅನುಮತಿ ಪಡೆದು ಚಲನವಲನ ವಹಿಯಲ್ಲಿ ನಮೂದಿಸಿದರೆ ತೊಂದರೆ ಬರುವುದಿಲ್ಲ. ನಿವೃತ್ತರಾದ ನಿಮ್ಮ ಹಿಂದಿನ ಮುಖ್ಯ ಶಿಕ್ಷಕರು ಊರಲ್ಲೇ ಇದ್ದರೆ ಕಡತದ ಪ್ರಶ್ನೆಗಳಿಗೆ ಅವರಿಗಿಂತ ಒಳ್ಳೆಯ ಮೆಂಟರ್ ಇಲ್ಲ. ಹಳೆಯ ಸಿಬ್ಬಂದಿಯ ಬಗ್ಗೆ ಮಾತ್ರ ಅವರ ಬಳಿ ಮಾತಾಡಬೇಡಿ, ಅದು ಊರಿಡೀ ಸುತ್ತಿ ಬರುತ್ತದೆ.

ಇದೆಲ್ಲ ಉಪಯೋಗವಾಗುತ್ತಿದೆಯೇ ಎಂದು ದಸರಾ ರಜೆಗೆ ಮುಂಚೆ ನೋಡಿಕೊಳ್ಳಿ. ವಾರದ ಎರಡು ಪೀರಿಯಡ್ ಉಳಿದಿವೆಯೇ? ಯಾವುದಾದರೂ ಒಬ್ಬ ಶಿಕ್ಷಕರು ನೀವು ಹೇಳದೆ ತಾವೇ ಮಕ್ಕಳ ಪುಸ್ತಕ ಹಿಡಿದು ನಿಮ್ಮ ಹತ್ತಿರ ಬಂದರೇ? ಜೂನ್‌ನಲ್ಲಿ ಓದಲು ಬಾರದವರ ಪಟ್ಟಿಯಲ್ಲಿ ಇದ್ದ ಮಕ್ಕಳಲ್ಲಿ ಎಷ್ಟು ಜನ ಈಗ ಒಂದು ಪುಟ ಓದುತ್ತಾರೆ? ಈ ಮೂರಕ್ಕೂ ‘ಇಲ್ಲ’ ಎಂಬುದೇ ಉತ್ತರವಾದರೆ, ಮೆಂಟರ್ ಬದಲಿಸಿಕೊಡಿ ಎಂದು ಕೇಳುವುದು ಯಾರ ಮೇಲೂ ದೂರು ಕೊಟ್ಟಂತಲ್ಲ. ‘ಅವರ ಬಗ್ಗೆ ನನಗೆ ಗೌರವವಿದೆ, ನನಗೆ ತರಗತಿಯ ವಿಷಯದಲ್ಲಿ ಜೊತೆಗೆ ನಿಲ್ಲುವವರು ಬೇಕು’ ಎಂದು ಎರಡು ಸಾಲು ಬರೆದು ಡಯಟ್‌ನ ನೋಡಲ್ ಉಪನ್ಯಾಸಕರಿಗೆ ಕೊಡಿ.